ನಂಬಿಕೆಯನ್ನು ಅಳೆಯುವವರು, ನಂಬಿಕೆಗೆ ಹೆಗಲು ಕೊಡುವವರು

ಪ್ರಶ್ನೆ: ನನ್ನ ತಮ್ಮ ಎರಡು ವರ್ಷಗಳಿಂದ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಾನೆ. ಎಷ್ಟೇ ಕಷ್ಟವಾದರೂ ಭಾನುವಾರದ ಆರಾಧನೆ ತಪ್ಪಿಸುತ್ತಿರಲಿಲ್ಲ. ಕಳೆದ ವರ್ಷ ಒಂದು ಉಪವಾಸ ಪ್ರಾರ್ಥನೆಯಲ್ಲಿ ನಮ್ಮ ಸಭೆಯ ಹಿರಿಯರೊಬ್ಬರು ಎಲ್ಲರ ಮುಂದೆ, ‘ಮಾತ್ರೆಯನ್ನು ನಂಬಿದವನಿಗೆ ಕರ್ತನಲ್ಲಿ ನಂಬಿಕೆ ಎಲ್ಲಿಂದ ಬರಬೇಕು?’ ಎಂದುಬಿಟ್ಟರು. ಅಂದಿನಿಂದ ಅವನು ಸಭೆಗೆ ಬರುವುದನ್ನೇ ಬಿಟ್ಟಿದ್ದಾನೆ. ಆ ಹಿರಿಯರು ಕೆಟ್ಟವರಲ್ಲ. ಅಪ್ಪ ತೀರಿಕೊಂಡಾಗ ಮುಂದೆ ನಿಂತು ಎಲ್ಲವನ್ನೂ ನಡೆಸಿಕೊಟ್ಟವರು ಅವರೇ. ಆದರೆ ನಮ್ಮಲ್ಲಿ ಯಾರ ನಂಬಿಕೆ ಎಷ್ಟು ಎಂಬ ಮಾತೇ ಹೆಚ್ಚು. ಒಡವೆ ಹಾಕುವವರು, ಹೂ ಮುಡಿಯುವವರು, ಪಕ್ಕದ ಮನೆಯವರು ಕೊಟ್ಟ ಪ್ರಸಾದ ತೆಗೆದುಕೊಂಡವರು, ಎಲ್ಲರಿಗೂ ಒಂದೊಂದು ತೀರ್ಪು ಸಿದ್ಧವಾಗಿರುತ್ತದೆ. ಇದು ಸರಿಯಲ್ಲ ಎಂದರೆ, ‘ಹಾಗಾದರೆ ತಪ್ಪು ಕಂಡರೂ ಸುಮ್ಮನಿರಬೇಕಾ?’ ಎಂದು ಕೇಳುತ್ತಾರೆ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ಕೆಡವದೆ ಕಟ್ಟುವುದು ಹೇಗೆ?
— ಒಬ್ಬ ಸಹೋದರಿ, ಹಾಸನ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ನಿಮ್ಮ ತಮ್ಮನದು, ಇನ್ನೊಂದು ಇಡೀ ಸಭೆಯದು. ತಮ್ಮನ ವಿಷಯ ಕಾಯುವಂಥದ್ದಲ್ಲ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಅವರು ಮಾತ್ರೆ ನಿಲ್ಲಿಸಬಾರದು. ಯಾರ ಮಾತು ಕೇಳಿಯೂ, ಎಷ್ಟೇ ನಾಚಿಕೆಯಾದರೂ, ವೈದ್ಯರನ್ನು ಕೇಳದೆ ಒಂದು ಹೊತ್ತಿನ ಔಷಧಿಯನ್ನೂ ಬಿಡಬಾರದು. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಪಡೆಯುವುದು ಪಾಪವಲ್ಲ, ಅವಿಶ್ವಾಸವೂ ಅಲ್ಲ.

ಕಾಯಿಲೆಯಾದರೆ ನಂಬಿಕೆ ಇಲ್ಲವೇ?

ಕಾಯಿಲೆ ವಾಸಿಯಾಗದಿದ್ದರೆ ನಂಬಿಕೆ ಕಡಿಮೆ ಎಂದು ಹೇಳುವವರು ಅಪೊಸ್ತಲ ಪೌಲನ ಪತ್ರಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ಆತನ ಸುತ್ತ ಎಷ್ಟು ಜನ ಕಾಯಿಲೆಯವರಿದ್ದರು! ತಿಮೊಥೆಯನಿಗೆ ಹೊಟ್ಟೆಯ ತೊಂದರೆ, ಮೇಲಿಂದ ಮೇಲೆ ಅಸ್ವಸ್ಥತೆ. ಪೌಲನು ಅವನ ನಂಬಿಕೆಯನ್ನು ಪ್ರಶ್ನಿಸಲಿಲ್ಲ, ಬರೀ ನೀರು ಕುಡಿಯುವುದನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳಲು ಹೇಳಿದನು. ಆ ಕಾಲಕ್ಕೆ ಅದು ಔಷಧಿಯ ಮಾತೇ. ಎಪಫ್ರೊದೀತನು ಸಾವಿನ ಹತ್ತಿರ ಹೋಗಿ ಬಂದನು. ತ್ರೊಫಿಮನನ್ನು ಪೌಲನು ಮಿಲೇತದಲ್ಲಿ ಅಸ್ವಸ್ಥನಾಗಿದ್ದಂತೆಯೇ ಬಿಟ್ಟು ಹೊರಡಬೇಕಾಯಿತು. ತನ್ನ ಶರೀರವನ್ನು ಚುಚ್ಚುತ್ತಿದ್ದ ಮುಳ್ಳು ಹೋಗಲಿ ಎಂದು ಪೌಲನೇ ಮೂರು ಸಾರಿ ಬೇಡಿಕೊಂಡನು, ಅದು ಹೋಗಲಿಲ್ಲ. ಆತನ ಜೊತೆ ಪ್ರಯಾಣ ಮಾಡಿದ ಲೂಕನು ವೈದ್ಯನಾಗಿದ್ದನು. ಇವರೆಲ್ಲರ ಕಾಯಿಲೆಗೆ ನಂಬಿಕೆಯ ಕೊರತೆ ಕಾರಣ ಎಂದು ಪೌಲನು ಎಲ್ಲೂ ಬರೆದಿಲ್ಲ.

ಮನಸ್ಸು ಕುಸಿದವರಿಗೂ ಸತ್ಯವೇದದಲ್ಲಿ ಜಾಗವಿದೆ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಕಂಡ ಎಲೀಯನು ಕೆಲವೇ ದಿನಗಳಲ್ಲಿ ಅರಣ್ಯಕ್ಕೆ ಓಡಿಹೋಗಿ, ಗಿಡವೊಂದರ ಕೆಳಗೆ ಕುಳಿತು, ಸತ್ತರೆ ಸಾಕು ಎಂದು ಬೇಡಿಕೊಂಡನು. ಆಗ ದೇವರು ಮಾಡಿದ್ದೇನು? ನಿದ್ರೆ ಮಾಡಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕೊಟ್ಟು ಎಬ್ಬಿಸಿದರು. ಮತ್ತೆ ಮಲಗಲು ಬಿಟ್ಟರು. ಮುಂದಿನ ದಾರಿ ದೂರವಿದೆ, ಅದಕ್ಕೆ ಶಕ್ತಿ ಬೇಕು ಎಂದು ಎರಡನೆಯ ಸಾರಿಯೂ ಊಟ ಕೊಟ್ಟರು. ಬೈಗುಳದ ಒಂದು ಮಾತೂ ಅಲ್ಲಿಲ್ಲ. ದೇವರು ಮಾತಾಡಿಸಿದ್ದು ಆಮೇಲೆ.

ನಮ್ಮ ಹಿರಿಯ ತಲೆಮಾರಿನ ಕ್ರೈಸ್ತರು ಇದನ್ನು ಬಲ್ಲವರಾಗಿದ್ದರು. ಮೈಸೂರಿನ ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾಯಿತು. ಐಡಾ ಸ್ಕಡರ್ 1900ರಲ್ಲಿ ವೆಲ್ಲೂರಿನಲ್ಲಿ ಸಣ್ಣದಾಗಿ ತೊಡಗಿದ ಚಿಕಿತ್ಸೆಯ ಕೆಲಸ ಇಂದು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ (ಸಿ.ಎಂ.ಸಿ.) ಆಸ್ಪತ್ರೆಯಾಗಿ ಬೆಳೆದಿದೆ. ಪ್ರಾರ್ಥನೆ ಮಾಡುತ್ತಲೇ ಔಷಧಿ ಕೊಟ್ಟವರು ಅವರು. ಆ ಆಸ್ಪತ್ರೆಗಳ ಬಗ್ಗೆ ಹೆಮ್ಮೆಪಡುವ ನಾವೇ, ಅಂಥ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬಂದವನನ್ನು ಅವಿಶ್ವಾಸಿ ಎನ್ನುವುದು ಯಾವ ನ್ಯಾಯ?

ಓಲ್ನಿಯ ಇಬ್ಬರು ಸ್ನೇಹಿತರು

ನಿಮ್ಮ ತಮ್ಮನ ವಿಷಯ ಓದುವಾಗ ನನಗೆ ಇಂಗ್ಲೆಂಡಿನ ಇಬ್ಬರು ನೆನಪಾದರು. ಒಬ್ಬರು ಜಾನ್ ನ್ಯೂಟನ್. ಒಂದು ಕಾಲಕ್ಕೆ ಗುಲಾಮರ ಹಡಗಿನ ಕಪ್ತಾನರಾಗಿದ್ದವರು 1764ರಲ್ಲಿ ಓಲ್ನಿ ಎಂಬ ಊರಿನ ಸಭಾಪಾಲಕರಾದರು. ಇನ್ನೊಬ್ಬರು ಕವಿ ವಿಲಿಯಂ ಕೂಪರ್. ಆತ್ಮಹತ್ಯೆಯ ಅಂಚಿಗೆ ಹೋಗಿ ಬಂದಿದ್ದ ಕೂಪರ್ 1767ರಲ್ಲಿ ನ್ಯೂಟನ್ನರ ಹತ್ತಿರ ಇರಬೇಕೆಂದೇ ಓಲ್ನಿಯಲ್ಲಿ ಬಂದು ನೆಲೆಸಿದರು. ನ್ಯೂಟನ್ ಕೂಪರರನ್ನು ಜೊತೆಗಿಟ್ಟುಕೊಂಡು ಬಡವರ ಮನೆಗಳಿಗೆ ಹೋಗುತ್ತಿದ್ದರು, ಪ್ರಾರ್ಥನಾ ಕೂಟಕ್ಕೆ ಹಾಡುಗಳನ್ನು ಬರೆಯಲು ಹುರಿದುಂಬಿಸುತ್ತಿದ್ದರು.

1773ರ ಆರಂಭದಲ್ಲಿ ಕೂಪರ್ ಮತ್ತೆ ಕುಸಿದರು. ದೇವರು ತನ್ನನ್ನು ಕೈಬಿಟ್ಟಿದ್ದಾರೆ ಎಂಬ ಯೋಚನೆ ಅವರನ್ನು ಹಿಡಿದುಕೊಂಡಿತು. ಆರಾಧನೆಗೆ ಬರುವುದು ನಿಂತಿತು. ನ್ಯೂಟನ್ ಕೂಪರರನ್ನು ತಮ್ಮ ಮನೆಗೇ ಕರೆದುಕೊಂಡರು. ಕೂಪರ್ ಆ ಪಾಲಕರ ಮನೆಯಲ್ಲಿ ಒಂದು ವರ್ಷಕ್ಕೂ ಮೀರಿ ಇದ್ದರು. ಆ ಅವಧಿಯಲ್ಲೇ ಮತ್ತೊಮ್ಮೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ನ್ಯೂಟನ್ ದಂಪತಿ ಅವರನ್ನು ಹೊರಗೆ ಕಳಿಸಲಿಲ್ಲ.

ಕೂಪರ್ ಪೂರ್ತಿ ಗುಣವಾಗಲಿಲ್ಲ. 1800ರಲ್ಲಿ ತೀರಿಕೊಳ್ಳುವವರೆಗೂ ಆ ಕತ್ತಲೆ ಬಂದು ಹೋಗಿ ಮಾಡುತ್ತಲೇ ಇತ್ತು. ಆದರೆ 1779ರಲ್ಲಿ ಅಚ್ಚಾದ ಓಲ್ನಿ ಗೀತೆಗಳ ಸಂಗ್ರಹದಲ್ಲಿ ಅರವತ್ತಕ್ಕೂ ಹೆಚ್ಚು ಹಾಡುಗಳು ಕೂಪರರವು. ತನಗೆ ರಕ್ಷಣೆಯಿಲ್ಲ ಎಂದುಕೊಂಡ ಮನುಷ್ಯನ ಹಾಡುಗಳು ಇನ್ನೂರು ವರ್ಷಗಳಿಂದ ಲಕ್ಷಾಂತರ ಜನರ ನಂಬಿಕೆಯನ್ನು ಎತ್ತಿ ಹಿಡಿದಿವೆ. ನ್ಯೂಟನ್ ಅಂದು ಆತನ ನಂಬಿಕೆಯನ್ನು ಅಳೆಯಲು ಕುಳಿತಿದ್ದರೆ ಅಳತೆಗೆ ಏನೂ ಸಿಗುತ್ತಿರಲಿಲ್ಲ. ಅವರು ಅಳೆಯಲಿಲ್ಲ, ಹೆಗಲು ಕೊಟ್ಟರು. ನಿಮ್ಮ ಪ್ರಶ್ನೆಗೆ ನನ್ನ ಇಡೀ ಉತ್ತರ ಇಷ್ಟೇ: ಇನ್ನೊಬ್ಬರ ನಂಬಿಕೆ ಎಷ್ಟಿದೆ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ, ಅದಕ್ಕೆ ಆಸರೆಯಾಗುವ ಜವಾಬ್ದಾರಿ ನಮಗಿದೆ.

ರೋಮಾಪುರದ ಪಲ್ಯ, ಕೊರಿಂಥದ ಮಾಂಸ

ಈಗ ನಿಮ್ಮ ಸಭೆಯ ಒಡವೆ, ಹೂ, ಪ್ರಸಾದದ ಮಾತಿಗೆ ಬರೋಣ. ಇದು ನಿಮ್ಮ ಊರಿನಲ್ಲಿ ಹುಟ್ಟಿದ ಜಗಳವಲ್ಲ. ಸಭೆಗಳಷ್ಟೇ ಹಳೆಯದು.

ಸುಮಾರು ಕ್ರಿ.ಶ. 49ರಲ್ಲಿ ಚಕ್ರವರ್ತಿ ಕ್ಲೌದ್ಯನು ಯೆಹೂದ್ಯರನ್ನು ರೋಮಾಪುರದಿಂದ ಹೊರಗೆ ಹಾಕಿದನು. ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಕೊರಿಂಥಕ್ಕೆ ಬಂದು ಪೌಲನಿಗೆ ಸಿಕ್ಕಿದ್ದು ಹಾಗೆಯೇ. 54ರಲ್ಲಿ ಕ್ಲೌದ್ಯನು ಸತ್ತ ಮೇಲೆ ಹೊರಹೋದವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಅಷ್ಟರಲ್ಲಿ ಸಭೆಗಳು ಅನ್ಯಜನರಿಂದ ಬಂದ ವಿಶ್ವಾಸಿಗಳ ಕೈಯಲ್ಲಿ, ಅವರ ರೂಢಿಯಂತೆ ನಡೆಯುತ್ತಿದ್ದವು. ಸುಮಾರು 57ರಲ್ಲಿ ಪೌಲನು ರೋಮಾಪುರದವರಿಗೆ ಪತ್ರ ಬರೆಯುವಾಗ ಅಲ್ಲಿದ್ದ ಬಿರುಕಿಗೆ ಇದೇ ಹಿನ್ನೆಲೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಕೆಲವರು ಏನು ಬೇಕಾದರೂ ತಿನ್ನುತ್ತಿದ್ದರು, ಕೆಲವರು ಕಾಯಿಪಲ್ಯ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕೆಲವರಿಗೆ ಒಂದು ದಿನ ವಿಶೇಷ, ಕೆಲವರಿಗೆ ಎಲ್ಲ ದಿನವೂ ಒಂದೇ. ತಿನ್ನುವವರು ತಿನ್ನದವರನ್ನು ಹೀನಾಯವಾಗಿ ಕಾಣುತ್ತಿದ್ದರು. ತಿನ್ನದವರು ತಿನ್ನುವವರಿಗೆ ತೀರ್ಪು ಕೊಡುತ್ತಿದ್ದರು.

ಪೌಲನು ಹದಿನಾಲ್ಕನೆಯ ಅಧ್ಯಾಯದಲ್ಲಿ ಕೊಟ್ಟ ಉತ್ತರ ಎರಡೂ ಕಡೆಯವರನ್ನು ತಟ್ಟುತ್ತದೆ. ಇನ್ನೊಬ್ಬನ ಮನೆಯ ಆಳಿನ ಬಗ್ಗೆ ತೀರ್ಪು ಹೇಳಲು ನೀನು ಯಾರು ಎಂದು ಕೇಳುತ್ತಾನೆ. ಆ ಆಳು ನಿಂತರೂ ಬಿದ್ದರೂ ಅವನ ಯಜಮಾನನಿಗೆ ಸೇರಿದ ವಿಷಯ, ಅವನನ್ನು ನಿಲ್ಲಿಸುವ ಶಕ್ತಿ ಆ ಯಜಮಾನನಿಗಿದೆ ಎನ್ನುತ್ತಾನೆ. ತಿನ್ನುವವನೂ ಬಿಡುವವನೂ ಇಬ್ಬರೂ ಕರ್ತನಿಗಾಗಿಯೇ ಹಾಗೆ ಮಾಡುತ್ತಿರಬಹುದು ಎಂಬುದು ಆತನ ಮಾತಿನ ತಿರುಳು. ಎದುರಿನವನ ಉದ್ದೇಶವನ್ನು ಒಳ್ಳೆಯದೆಂದು ಭಾವಿಸಿ ಮಾತು ಶುರುಮಾಡುವುದನ್ನು ನಮ್ಮ ಸಭೆಗಳು ಮರೆತಿವೆ.

ಕೊರಿಂಥದಲ್ಲಿ ಪ್ರಶ್ನೆ ಇನ್ನೂ ಹತ್ತಿರದ್ದು. ಅದು ವಿಗ್ರಹಕ್ಕೆ ಅರ್ಪಿಸಿದ ಮಾಂಸದ ಪ್ರಶ್ನೆ, ಅಂದರೆ ನಿಮ್ಮ ಸಭೆಯ ಪ್ರಸಾದದ ಪ್ರಶ್ನೆಯೇ. ವಿಗ್ರಹಕ್ಕೆ ಅಸ್ತಿತ್ವವಿಲ್ಲವೆಂದು ತಿಳಿದವರು ಧೈರ್ಯವಾಗಿ ತಿನ್ನುತ್ತಿದ್ದರು. ಹೊಸದಾಗಿ ಬಂದವರಿಗೆ ಅದು ಹಳೆಯ ಬದುಕಿಗೆ ಮರಳಿದಂತೆ ಅನಿಸುತ್ತಿತ್ತು. ತಿಳಿದವರ ವಾದ ಸರಿ ಎಂದು ಪೌಲನು ಒಪ್ಪುತ್ತಾನೆ. ಒಪ್ಪಿಯೂ, ತಿಳಿವಳಿಕೆ ಒಂದೇ ಇದ್ದರೆ ಅದು ಮನುಷ್ಯನನ್ನು ಉಬ್ಬಿಸುತ್ತದೆ, ಕಟ್ಟುವ ಕೆಲಸ ಪ್ರೀತಿಯದು ಎಂಬ ಅರ್ಥದಲ್ಲಿ ಎಚ್ಚರಿಸುತ್ತಾನೆ. ಅಂಗಡಿಯಲ್ಲಿ ಮಾರುವುದನ್ನು ಕೇಳದೆ ಕೊಂಡು ತಿನ್ನಿ, ಕರೆದವರ ಮನೆಯಲ್ಲಿ ಬಡಿಸಿದ್ದನ್ನು ತಿನ್ನಿ, ಆದರೆ ಇದು ಅರ್ಪಿಸಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ ಅವರ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ. ಹಕ್ಕು ಇದ್ದೂ ಬಿಟ್ಟುಕೊಡುವ ಈ ನಡೆ ಸೋಲಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೌಲನ ಪತ್ರದಲ್ಲಿ ಕಟ್ಟುನಿಟ್ಟಿನವರೇ ಬಲಹೀನರು, ಸ್ವತಂತ್ರರೇ ಬಲಿಷ್ಠರು. ನಮ್ಮ ಸಭೆಗಳಲ್ಲಿ ಒಡವೆ ತೆಗೆದಿಟ್ಟವರು ತಮ್ಮನ್ನು ಬಲಿಷ್ಠರೆಂದುಕೊಳ್ಳುತ್ತಾರೆ, ಒಡವೆ ಹಾಕುವವರು ತಮ್ಮನ್ನು ಬಿಡುಗಡೆ ಹೊಂದಿದವರೆಂದುಕೊಳ್ಳುತ್ತಾರೆ. ಯಾರು ಬಲಿಷ್ಠರು ಎಂಬ ಚರ್ಚೆ ಮುಗಿಯುವಂಥದ್ದಲ್ಲ, ಮುಗಿಯಬೇಕಾಗಿಯೂ ಇಲ್ಲ. ಏಕೆಂದರೆ ಬಲವಿದೆ ಎನ್ನುವವನ ಮೇಲೆ ಪೌಲನು ಹೊರೆಯನ್ನೇ ಹೊರಿಸುತ್ತಾನೆ, ಬಲವಿಲ್ಲದವನನ್ನು ನೀನು ಹೊತ್ತುಕೋ ಎಂದು. ಕರ್ತನಿಗಾಗಿ ಚಿನ್ನ ತೆಗೆದಿಟ್ಟ ತಾಯಂದಿರ ಸಮರ್ಪಣೆ ದೊಡ್ಡದು, ಅದನ್ನು ಹಳೆಯ ಕಾಲದ್ದೆಂದು ಹಗುರ ಮಾಡಬಾರದು. ಅದೇ ತಾಯಂದಿರು, ಮಲ್ಲಿಗೆ ಮುಡಿದು ಬಂದ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿ ಬುದ್ಧಿ ಹೇಳಬಾರದು. ಹೂವಿನ ವಿಷಯ ಆ ಹುಡುಗಿಯೂ ಕರ್ತನೂ ಮಾತಾಡಿಕೊಳ್ಳಲಿ. ಅವಳು ಮುಂದಿನ ಭಾನುವಾರವೂ ಬರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಮನಸ್ಸಾಕ್ಷಿಗೆ ಕೊಟ್ಟ ಮಾತು

ಇದು ಬರೀ ಉಪದೇಶ, ನಡೆಯುವ ಮಾತಲ್ಲ ಎನ್ನುವವರಿಗೆ ನಮ್ಮ ದಕ್ಷಿಣ ಭಾರತದ್ದೇ ಉದಾಹರಣೆಯಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಮಹಾದೇವಾಲಯದಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದಾದರು. ಮೈಸೂರು ಸೀಮೆಯ ವೆಸ್ಲಿಯನ್ ಮೆಥಡಿಸ್ಟ್ ಸಭೆಗಳೂ ಅದರಲ್ಲಿದ್ದವು. 1919ರಲ್ಲಿ ತರಂಗಂಬಾಡಿಯಲ್ಲಿ ತೊಡಗಿದ ಮಾತುಕತೆ ಮುಗಿಯಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಅದಕ್ಕೆ ಮುಂದಾಳಾಗಿದ್ದವರು ಭಾರತದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ವಿ. ಎಸ್. ಅಜರಾಯ. 1945ರ ಜನವರಿ 1ರಂದು ತೀರಿಕೊಂಡ ಅವರು ಆ ದಿನವನ್ನು ನೋಡಲಿಲ್ಲ.

ಬಿಡಿಸಲಾಗದ ಗಂಟು ಯಾವುದಾಗಿತ್ತು ಗೊತ್ತೇ? ಬಿಷಪ್ ಕೈಯಿಟ್ಟು ಅಭಿಷೇಕಿಸದ ಪಾದ್ರಿಗಳು ನಿಜವಾದ ಪಾದ್ರಿಗಳೇ ಎಂಬುದು. ಒಂದು ಕಡೆಯವರಿಗೆ ಅದು ಅಪೊಸ್ತಲರ ಕಾಲದಿಂದ ಬಂದ ಕಟ್ಟಳೆ. ಇನ್ನೊಂದು ಕಡೆಯವರಿಗೆ, ಮತ್ತೆ ಅಭಿಷೇಕ ಮಾಡಿಸಿಕೊಳ್ಳಿ ಎಂದರೆ ತಮ್ಮ ಇಡೀ ಸೇವೆಯನ್ನೇ ಸುಳ್ಳೆಂದಂತೆ. ಕೊನೆಗೆ ಅವರು ಒಪ್ಪಿದ್ದು ಹೀಗೆ: ಇನ್ನು ಮುಂದೆ ಎಲ್ಲ ಅಭಿಷೇಕಗಳೂ ಬಿಷಪ್ಪರಿಂದ ಆಗಲಿ, ಈಗಾಗಲೇ ಸೇವೆಯಲ್ಲಿರುವವರೆಲ್ಲರನ್ನೂ ಮರು ಅಭಿಷೇಕವಿಲ್ಲದೆ ಸ್ವೀಕರಿಸೋಣ. ಜೊತೆಗೆ ಒಬ್ಬರಿಗೊಬ್ಬರು ಪ್ರತಿಜ್ಞೆಯನ್ನೂ ಮಾಡಿಕೊಂಡರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಸೇವಕರನ್ನಾಗಲಿ ಹೇರುವುದಿಲ್ಲ, ಬಹುಮತವಿದೆ ಎಂಬ ಕಾರಣಕ್ಕೆ ಮನಸ್ಸಾಕ್ಷಿಯನ್ನು ತುಳಿಯುವುದಿಲ್ಲ ಎಂದು. ರೋಮಾಪುರದವರಿಗೆ ಬರೆದ ಹದಿನಾಲ್ಕನೆಯ ಅಧ್ಯಾಯವನ್ನು ಸಂವಿಧಾನದಲ್ಲಿ ಬರೆದುಕೊಂಡಂತೆ ಇದು. ಪಾದ್ರಿತನದಂಥ ದೊಡ್ಡ ವಿಷಯದಲ್ಲಿ ನಮ್ಮ ಹಿರಿಯರು ಇಷ್ಟು ತಾಳ್ಮೆ ತೋರಿಸಿರುವಾಗ ಮೂಗುತಿಯ ವಿಷಯದಲ್ಲಿ ನಾವು ತೋರಿಸಲಾರೆವೇ?

ಹಾಗಾದರೆ ತಿದ್ದುವುದೇ ಬೇಡವೇ?

ಬೇಕು. ತಪ್ಪನ್ನು ತಪ್ಪೆನ್ನದೆ ಬೆನ್ನು ತಟ್ಟುವುದರಿಂದ ಯಾರ ನಂಬಿಕೆಯೂ ಬೆಳೆಯುವುದಿಲ್ಲ. ಆದರೆ ತಿದ್ದುವುದಕ್ಕೂ ಒಂದು ರೀತಿಯಿದೆ, ಒಂದು ಜಾಗವಿದೆ.

ಎಫೆಸದಲ್ಲಿ ಅಪೊಲ್ಲೋಸನೆಂಬವನು ಬೋಧಿಸುತ್ತಿದ್ದನು. ಅಲೆಕ್ಸಾಂದ್ರಿಯದವನು, ವಾಕ್ಚತುರ, ಶಾಸ್ತ್ರ ಬಲ್ಲವನು. ಆದರೆ ಅವನಿಗೆ ಯೋಹಾನನ ದೀಕ್ಷಾಸ್ನಾನದವರೆಗೆ ಮಾತ್ರ ಗೊತ್ತಿತ್ತು. ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಕೇಳಿಸಿಕೊಂಡರು, ಕೊರತೆ ಏನೆಂದು ಅವರಿಗೆ ಅರ್ಥವಾಯಿತು. ಸಭಾಮಂದಿರದಲ್ಲಿ ಎದ್ದು ನಿಂತು ಅವನ ಮಾತನ್ನು ತುಂಡರಿಸಲಿಲ್ಲ. ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅವನು ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅವನ ಪರವಾಗಿ ಪತ್ರವನ್ನೂ ಬರೆದು ಕೊಟ್ಟರು. ಅವನು ಅಖಾಯದಲ್ಲಿ ಸಭೆಗೆ ದೊಡ್ಡ ಬಲವಾದನು. ಎಲ್ಲರೆದುರು ಅವಮಾನ ಮಾಡಿದ್ದರೆ ಸಭೆ ಒಬ್ಬ ಒಳ್ಳೆಯ ಬೋಧಕನನ್ನು ಕಳೆದುಕೊಳ್ಳುತ್ತಿತ್ತು. ಯೇಸು ಸ್ವಾಮಿ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಬೇಕೆಂದು ಹೇಳಿದ್ದು ಇದಕ್ಕಾಗಿಯೇ. ನಮ್ಮಲ್ಲಿ ಮೊದಲು ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಆಮೇಲೆ ಪ್ರಸಂಗಪೀಠಕ್ಕೆ ಬರುತ್ತದೆ, ಆ ಮನುಷ್ಯನ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ.

ಆದರೆ ಒಂದು ಸಂದರ್ಭದಲ್ಲಿ ಪೌಲನು ಎಲ್ಲರೆದುರು ಗದರಿದನು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದವನು, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹಿಂಜರಿದು ಬೇರೆ ಕುಳಿತನು. ಪೌಲನು ಅಲ್ಲೇ, ಮುಖಾಮುಖಿ ಪ್ರಶ್ನಿಸಿದನು. ವ್ಯತ್ಯಾಸ ನೋಡಿ. ಅಪೊಲ್ಲೋಸನದು ತಿಳಿವಳಿಕೆಯ ಕೊರತೆ, ಅದಕ್ಕೆ ಮನೆಯೊಳಗಿನ ಮಾತು ಸಾಕಾಯಿತು. ಪೇತ್ರನದು ದೊಡ್ಡವರ ನಡತೆ, ಅದು ಚಿಕ್ಕವರನ್ನು ಎಲ್ಲರ ಕಣ್ಣೆದುರೇ ಊಟದಿಂದ ಎಬ್ಬಿಸಿತು. ಅದಕ್ಕೆ ಎಲ್ಲರೆದುರೇ ಉತ್ತರ ಬೇಕಾಯಿತು. ನಮ್ಮ ಸಭೆಗಳಲ್ಲಿ ಜಾತಿಯ ಲೆಕ್ಕ ಎಲ್ಲಿ ಉಳಿದಿದೆಯೋ, ಮದುವೆಯ ಮಾತು ಬಂದಾಗ, ಹಿರಿಯರ ಆಯ್ಕೆಯ ಸಮಯದಲ್ಲಿ, ಯಾರ ಮನೆಯಲ್ಲಿ ಯಾರು ಊಟ ಮಾಡುತ್ತಾರೆ ಎಂಬಲ್ಲಿ, ಅಲ್ಲಿ ನಾವು ಗಟ್ಟಿಯಾಗಿ ಮಾತಾಡಲೇಬೇಕು. ಆದರೆ ಈಗ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು. ಬಲವುಳ್ಳವರ ಜಾತಿಗರ್ವದ ಬಗ್ಗೆ ಪಿಸುಮಾತು, ಬಲವಿಲ್ಲದವನ ಮಾತ್ರೆಯ ಬಗ್ಗೆ ಪ್ರಸಂಗ.

ಸೋತವನಿಗೆ ಎರಡನೆಯ ಅವಕಾಶ

ಸಭೆಯಲ್ಲಿ ಒಬ್ಬ ಬಾರ್ನಬನಿದ್ದರೆ ಎಷ್ಟು ಜನ ಉಳಿಯುತ್ತಾರೆ ಎಂಬುದಕ್ಕೆ ಅಪೊಸ್ತಲರ ಕೃತ್ಯಗಳೇ ಸಾಕ್ಷಿ. ಈತ ಕುಪ್ರದ್ವೀಪದ ಲೇವಿಯನು. ಸಭೆಯನ್ನು ಹಿಂಸಿಸಿದ್ದ ಸೌಲನು ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿದರು, ಅವನ ಮಾನಸಾಂತರವನ್ನು ನಂಬಲಿಲ್ಲ. ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದವನು ಬಾರ್ನಬ. ಮುಂದೆ ಮಾರ್ಕನೆಂಬ ಯುವಕ ಪ್ರಯಾಣದ ನಡುವೆ ಪಂಫುಲ್ಯದಿಂದ ಮನೆಗೆ ಮರಳಿಬಿಟ್ಟನು. ಇಂಥವನನ್ನು ಮತ್ತೆ ಕರೆದುಕೊಂಡು ಹೋಗುವುದು ಬೇಡವೆಂದು ಪೌಲನು ಹಟ ಹಿಡಿದನು. ಬಾರ್ನಬನು ಬಿಡಲಿಲ್ಲ. ಮಾತು ಬೆಳೆದು ಇಬ್ಬರೂ ಬೇರೆಯಾದರು, ಬಾರ್ನಬನು ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹೋದನು. ವರ್ಷಗಳ ನಂತರ ಸೆರೆಮನೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದ ಪೌಲನೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎಂದು ತಿಮೊಥೆಯನಿಗೆ ಬರೆದನು. ಎರಡನೆಯ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ ಎಂಬುದು ಆದಿಸಭೆಯ ಸಂಪ್ರದಾಯ. ಒಬ್ಬನು ಪಕ್ಕದಲ್ಲಿ ನಿಂತಿದ್ದರಿಂದ ಇದಾಯಿತು.

ತೋಮನ ವಿಷಯವನ್ನೂ ನೋಡಿ. ಉಳಿದವರು ಪುನರುತ್ಥಾನವಾದ ಕರ್ತನನ್ನು ಕಂಡೆವು ಎಂದರೂ ಅವನು ಒಪ್ಪಲಿಲ್ಲ. ನಾವು ತೋಮನ ಸಂಶಯದ ಬಗ್ಗೆ ಸಾಕಷ್ಟು ಪ್ರಸಂಗ ಕೇಳಿದ್ದೇವೆ. ಆ ಹತ್ತು ಮಂದಿ ಶಿಷ್ಯರ ಬಗ್ಗೆ ಕೇಳಿಲ್ಲ. ಎಂಟು ದಿನಗಳ ನಂತರ ಅವರು ಮತ್ತೆ ಕೂಡಿದಾಗ ತೋಮನೂ ಅವರ ಜೊತೆಗಿದ್ದನು. ನಂಬದವನಿಗೆ ಇಲ್ಲೇನು ಕೆಲಸ ಎಂದು ಅವರು ಬಾಗಿಲು ಹಾಕಿಕೊಂಡಿದ್ದರೆ, ಯೇಸು ಸ್ವಾಮಿ ಬಂದು ಗಾಯದ ಗುರುತು ತೋರಿಸಿದಾಗ ಅವನು ಅಲ್ಲಿ ಇರುತ್ತಿರಲಿಲ್ಲ. ಭಾರತಕ್ಕೆ ಸುವಾರ್ತೆ ತಂದವನು ಈ ತೋಮನೇ ಎಂದು ನಮ್ಮ ದೇಶದ ಕ್ರೈಸ್ತರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಪ್ರಶ್ನೆ ಇರುವವರು ಕೂಟದಲ್ಲೇ ಇರಲಿ. ಉತ್ತರ ಕೊಡಲು ಕರ್ತನು ಬರುವ ಹೊತ್ತಿಗೆ ಅವರು ಒಳಗಿರಬೇಕು.

ನಾಳೆಯಿಂದ ಏನು ಮಾಡಬಹುದು?

ಮೊದಲನೆಯದು, ಕೇಳಿಸಿಕೊಳ್ಳುವುದು. ಹಿಟ್ಲರನ ಆಳ್ವಿಕೆಯಲ್ಲಿ ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ ಫಿಂಕನ್‌ವಾಲ್ಡೆ ಎಂಬಲ್ಲಿ ಯುವ ಪಾದ್ರಿಗಳಿಗೆ ತರಬೇತಿ ಕೊಡುತ್ತಿದ್ದರು. 1937ರಲ್ಲಿ ಗೆಸ್ಟಾಪೊ ಪೊಲೀಸರು ಆ ತರಬೇತಿ ಶಾಲೆಯನ್ನು ಮುಚ್ಚಿಸಿದರು. ಅಲ್ಲಿಯ ಸಹಜೀವನದ ಅನುಭವವನ್ನು ಬಾನ್‌ಹೋಫರ್ 1939ರಲ್ಲಿ ಪುಸ್ತಕ ಮಾಡಿದರು. ಸಹವಿಶ್ವಾಸಿಗೆ ನಾವು ಮಾಡಬೇಕಾದ ಮೊದಲ ಸೇವೆ ಅವನ ಮಾತನ್ನು ಕೇಳಿಸಿಕೊಳ್ಳುವುದು ಎಂದು ಅದರಲ್ಲಿ ಬರೆದಿದ್ದಾರೆ. ಯೋಬನ ಮೂವರು ಸ್ನೇಹಿತರು ಏಳು ದಿನ ಬಾಯಿ ಬಿಡದೆ ಪಕ್ಕದಲ್ಲಿ ಕುಳಿತಿದ್ದರು. ಅವರು ಅವನಿಗೆ ಮಾಡಿದ ಒಳ್ಳೆಯದು ಅಷ್ಟೇ. ಬಾಯಿ ತೆರೆದು ನೋವಿಗೆ ಕಾರಣ ಹೇಳತೊಡಗಿದ ಮೇಲೆ ಅವರು ದೇವರ ಕೋಪಕ್ಕೆ ಗುರಿಯಾದರು.

ಎರಡನೆಯದು, ಇಲ್ಲದವರ ಬಗ್ಗೆ ಮಾತಾಡದಿರುವುದು. ಅದೇ ಫಿಂಕನ್‌ವಾಲ್ಡೆಯಲ್ಲಿ ಒಂದು ನಿಯಮವಿತ್ತು: ಅಲ್ಲಿಲ್ಲದ ಸಹೋದರನ ಬಗ್ಗೆ ಯಾರೂ ಮಾತಾಡಬಾರದು, ಮಾತಾಡಿದ್ದರೆ ಅವನಿಗೇ ಹೋಗಿ ತಿಳಿಸಬೇಕು. ಪಾಲಿಸಲು ಕಷ್ಟವಾದರೂ ತಾವು ಕಲಿತ ಪಾಠಗಳಷ್ಟೇ ಇದರಿಂದಲೂ ಕಲಿತೆವು ಎಂದು ಅಲ್ಲಿದ್ದವರು ಮುಂದೆ ನೆನೆದರು. ನಮ್ಮಲ್ಲಿ ಚಾಡಿ ಬರುವುದು ಪ್ರಾರ್ಥನೆಯ ವೇಷದಲ್ಲಿ. ‘ಪ್ರಾರ್ಥನೆ ಮಾಡಲಿ ಅಂತ ಹೇಳ್ತಾ ಇದ್ದೀನಿ’ ಎಂದು ಶುರುವಾದ ಎಷ್ಟು ಮಾತುಗಳು ಎಷ್ಟು ಕುಟುಂಬಗಳನ್ನು ಸಭೆಯಿಂದ ಹೊರಗೆ ಹಾಕಿವೆ! ಯಾರ ವಿಷಯವನ್ನೇ ಆಗಲಿ, ಅವರ ಒಪ್ಪಿಗೆಯಿಲ್ಲದೆ ಪ್ರಾರ್ಥನಾ ಕೂಟದಲ್ಲಿ ಹೇಳಬಾರದು. ಕಾಯಿಲೆ, ಸಾಲ, ಮಕ್ಕಳಾಗದಿರುವುದು, ಗಂಡ ಹೆಂಡತಿಯ ಮನಸ್ತಾಪ, ಇವಂತೂ ಖಂಡಿತ ಬೇಡ.

ಮೂರನೆಯದು, ಸಾಕ್ಷಿಯಲ್ಲಿ ಪ್ರಾಮಾಣಿಕತೆ. ಸಾಕ್ಷಿ ಹೇಳುವ ಸಮಯದಲ್ಲಿ ವಾಸಿಯಾದವರು, ಕೆಲಸ ಸಿಕ್ಕವರು, ವೀಸಾ ಬಂದವರು ಮಾತ್ರ ಎದ್ದು ನಿಂತರೆ ಉಳಿದವರು ತಮ್ಮಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಕೆಲಸ ಸಿಗದೆಯೂ ಪ್ರಾರ್ಥನೆ ಬಿಡದವರು, ಮಗುವನ್ನು ಕಳೆದುಕೊಂಡೂ ಕರ್ತನನ್ನು ಬಿಡದವರು ಮಾತಾಡಲಿ. ಅವರ ಒಂದು ಮಾತು ನೂರು ಜಯದ ಕತೆಗಳಿಗಿಂತ ಹೆಚ್ಚು ಜನರನ್ನು ನಿಲ್ಲಿಸುತ್ತದೆ.

ನಾಲ್ಕನೆಯದು, ಮನೆಗೆ ಹೋಗುವುದು. ಎರಡು ಭಾನುವಾರ ಕಾಣದವರನ್ನು ಮೂರನೆಯ ವಾರ ಯಾರಾದರೂ ಹೋಗಿ ಕಾಣಬೇಕು. ಏಕೆ ಬರಲಿಲ್ಲ ಎಂದು ಕೇಳಲು ಹೋಗಬಾರದು, ಹೇಗಿದ್ದೀರಿ ಎಂದು ಕೇಳಲು ಹೋಗಬೇಕು. ಒಬ್ಬರನ್ನೊಬ್ಬರು ಪ್ರೀತಿಗೆ, ಸತ್ಕ್ರಿಯೆಗಳಿಗೆ ಹುರಿದುಂಬಿಸಲು ಕೂಡಿಬರುವುದನ್ನು ಬಿಡಬೇಡಿ ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಬಾರದವರನ್ನು ಬೈಯಲು ಆ ವಾಕ್ಯವನ್ನು ಬಳಸುತ್ತೇವೆ. ಬಂದವರು ಹುರಿದುಂಬಿಸಬೇಕು ಎಂಬ ಅದರ ಮುಖ್ಯ ಭಾಗವನ್ನು ಮರೆಯುತ್ತೇವೆ.

ನಿಮಗೂ ನಿಮ್ಮ ತಮ್ಮನಿಗೂ

ಸಹೋದರಿ, ತಮ್ಮನನ್ನು ಸಭೆಗೆ ಬಾ ಎಂದು ಒತ್ತಾಯಿಸಬೇಡಿ. ಅವರು ನಂಬುವ ಒಬ್ಬಿಬ್ಬರನ್ನು ಮನೆಗೆ ಕರೆಯಿರಿ. ಒಟ್ಟಿಗೆ ಊಟ ಮಾಡಿ, ಅವರು ಒಪ್ಪಿದರೆ ಒಂದು ಸಣ್ಣ ಪ್ರಾರ್ಥನೆ ಮಾಡಿ. ಅವರಿಗೆ ಪ್ರಾರ್ಥಿಸಲು ಮಾತು ಬಾರದಿದ್ದರೆ ಅವರ ಪರವಾಗಿ ನೀವು ಪ್ರಾರ್ಥಿಸಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದಾಗ ಯೇಸು ಸ್ವಾಮಿ ನೋಡಿದ್ದು ಆ ಹೊತ್ತವರ ನಂಬಿಕೆಯನ್ನು. ಚಿಕಿತ್ಸೆ ಮುಂದುವರಿಯಲಿ. ವೈದ್ಯರನ್ನು ಕಾಣುವುದು ತಡವಾದರೆ ಅ‍ಥವಾ ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಅವರ ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆ ಹಿರಿಯರ ಬಳಿಗೂ ಹೋಗಿ. ಒಬ್ಬರೇ ಹೋಗಿ, ಅಥವಾ ಸಭಾಪಾಲಕರನ್ನು ಕರೆದುಕೊಂಡು ಹೋಗಿ. ನಿಮ್ಮ ತಂದೆ ತೀರಿಕೊಂಡಾಗ ಅವರು ಮಾಡಿದ್ದನ್ನು ಮೊದಲು ನೆನೆಸಿ, ಕೃತಜ್ಞತೆ ಹೇಳಿ. ಆಮೇಲೆ, ಅಂದು ಅವರು ಆಡಿದ ಮಾತು ಏನು ಮಾಡಿತೆಂದು ಮರೆಮಾಚದೆ ತಿಳಿಸಿ. ಸಾವಿನ ಮನೆಯಲ್ಲಿ ಅಷ್ಟು ಚೆನ್ನಾಗಿ ಜೊತೆ ನಿಂತವರಿಗೆ ಇದು ಅರ್ಥವಾಗುವ ಸಾಧ್ಯತೆ ಹೆಚ್ಚು. ಎಲ್ಲರೆದುರು ಆಡಿದ ಮಾತಿಗೆ ಅವರು ನಿಮ್ಮ ಮನೆಗೆ ಬಂದು ತಮ್ಮನ ಬಳಿ ಕ್ಷಮೆ ಕೇಳುವುದು ನ್ಯಾಯ, ಸಭೆಯಲ್ಲೂ ಒಂದು ಮಾತು ಹೇಳುವುದು ಇನ್ನೂ ಒಳ್ಳೆಯದು. ಕೇಳದಿದ್ದರೂ ನಿಮ್ಮ ತಮ್ಮನ ನಂಬಿಕೆ ಅವರ ಮಾತಿನ ಮೇಲೆ ನಿಂತಿಲ್ಲ ಎಂದು ತಮ್ಮನಿಗೆ ಮತ್ತೆ ಮತ್ತೆ ಹೇಳಿ.

ಇದನ್ನು ಓದುತ್ತಿರುವ ಸಭಾಪಾಲಕರಲ್ಲಿ, ಹಿರಿಯರಲ್ಲಿ, ಸ್ತ್ರೀಯರ ಕೂಟಗಳನ್ನು ನಡೆಸುವ ತಾಯಂದಿರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಸಭೆಯಲ್ಲಿ ಬರುವುದನ್ನು ನಿಲ್ಲಿಸಿದವರ ಪಟ್ಟಿ ಮಾಡಿ. ಅವರಲ್ಲಿ ಯಾರು ನಮ್ಮ ಮಾತಿನಿಂದ ನೊಂದು ಹೋದರು ಎಂದು ಪ್ರಾಮಾಣಿಕವಾಗಿ ಗುರುತಿಸಿ. ಈ ವಾರವೇ ಅವರಲ್ಲಿ ಒಬ್ಬರ ಮನೆಗೆ ಹೋಗಿ.